ಶೀತ ಪ್ರದೇಶದಲ್ಲಿ ಕೋಳಿ ಸಾಕಣೆ: ಚಳಿಯ ವೆಚ್ಚದ ಲೆಕ್ಕಾಚಾರ

ಕಳೆದ ವರ್ಷ ನನ್ನ ಕಕ್ಷಿದಾರರೊಬ್ಬರು ಲೇಹ್‌ನಿಂದ ಬಂದ ವಿಚಾರಣಾ ಪತ್ರವೊಂದನ್ನು ಹಿಡಿದು ಕಚೇರಿಗೆ ಬಂದರು. ಅವರು ಕೋಳಿ ಷೆಡ್ಡಿನ ಸಲಕರಣೆಗಳನ್ನು ತಯಾರಿಸುವ ಸಣ್ಣ ಉದ್ಯಮಿ. 1,000 ಮೊಟ್ಟೆಕೋಳಿಗಳ ಘಟಕಕ್ಕೆ ಬ್ರೂಡರ್ ಮತ್ತು ನೀರಿನ ಪಾತ್ರೆಗಳ ದರ ಕೇಳಲಾಗಿತ್ತು. "ಇಲ್ಲಿ ಮಾರುವ ಮಾಲನ್ನೇ ಕಳುಹಿಸುತ್ತೇನೆ, ಸಾಗಾಟ ಸೇರಿಸಿ ದರ ಹಾಕಿಕೊಡಿ ಸರ್" ಎಂದರು. ದರ ಹಾಕುವ ಮೊದಲು ಅಲ್ಲಿನ ಚಳಿಯ ಬೆಲೆಯನ್ನೇ ಲೆಕ್ಕ ಹಾಕಬೇಕಾಯಿತು. ಆ ಲೆಕ್ಕವನ್ನು ಸದಸ್ಯರ ಅವಗಾಹನೆಗೆ ಇಲ್ಲಿ ನೀಡಲಾಗಿದೆ.

ಪ್ರದೇಶದ ಸ್ವರೂಪ

ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿ ಉಷ್ಣಾಂಶವು ಶೂನ್ಯಕ್ಕಿಂತ 15ರಿಂದ 20 ಡಿಗ್ರಿ ಕೆಳಗಿಳಿಯುವುದುಂಟು. ಹಿಮಪಾತದಿಂದ ಶ್ರೀನಗರ ಮತ್ತು ಮನಾಲಿ ಮಾರ್ಗಗಳು ಮುಚ್ಚುವುದರಿಂದ ಆಹಾರ, ಇಂಧನ, ಬಿಡಿಭಾಗಗಳೆಲ್ಲವೂ ಮೊದಲೇ ದಾಸ್ತಾನಾಗಿರಬೇಕು. ಆ ದಾಸ್ತಾನಿನಲ್ಲಿ ಸಿಲುಕಿದ ಹಣದ ಬಡ್ಡಿಯೂ ಉತ್ಪಾದನಾ ವೆಚ್ಚವೇ ಆಗಿದೆ.

ಎತ್ತರದಲ್ಲಿ ಕೋಳಿಗೆ ದೊರೆಯುವ ಆಮ್ಲಜನಕವೂ ಕಡಿಮೆ. ವೇಗವಾಗಿ ಬೆಳೆಯುವ ಮಾಂಸದ ಕೋಳಿಗಳ ಹೃದಯಕ್ಕೆ ಇದರಿಂದ ಶ್ರಮ ಹೆಚ್ಚಿ, ಹೊಟ್ಟೆಯಲ್ಲಿ ನೀರು ತುಂಬುವ ರೋಗ ಬರುತ್ತದೆ. ಚಳಿಯು ಅದನ್ನು ಉಲ್ಬಣಗೊಳಿಸುತ್ತದೆ. ದೊಡ್ಡ ಜುಟ್ಟಿನ ತಳಿಗಳಲ್ಲಿ ಜುಟ್ಟು ಹಿಮಗಟ್ಟಿ ಕೊಳೆಯುವುದೂ ಉಂಟು. ಆದ್ದರಿಂದ ತಳಿಯ ಆಯ್ಕೆಯಿಂದಲೇ ಲೆಕ್ಕ ಆರಂಭವಾಗುತ್ತದೆ.

ಶಾಖಕ್ಕೆ ಮೂರು ಬಗೆಯ ಬೆಲೆ

ಮರಿಗಳಿಗೆ ಮೊದಲ ವಾರ ಸುಮಾರು 33ರಿಂದ 35 ಡಿಗ್ರಿ ಶಾಖ ಬೇಕು. ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬಹುದು. ಬೆಳೆದ ಕೋಳಿಗೆ ಶಾಖ ಸಾಲದಿದ್ದರೆ ಅದು ಹೆಚ್ಚು ತಿಂದು ತಾನೇ ಶಾಖವನ್ನು ಉತ್ಪಾದಿಸಿಕೊಳ್ಳುತ್ತದೆ. ಅದೂ ಸಾಲದಾದರೆ ಮೊಟ್ಟೆ ಕುಸಿಯುತ್ತದೆ, ಕೊನೆಗೆ ಕೋಳಿ ಸಾಯುತ್ತದೆ. ಹೀಗೆ ಶಾಖದ ಬೆಲೆಯನ್ನು ಇಂಧನ, ಆಹಾರ ಅಥವಾ ಕೋಳಿಯ ಪ್ರಾಣ, ಈ ಮೂರರಲ್ಲಿ ಒಂದರಿಂದ ತೆರಲೇಬೇಕು. ಇಂಧನದ ಖರ್ಚು ಬಿಲ್ಲಿನಲ್ಲಿ ಕಾಣುತ್ತದೆ. ಉಳಿದೆರಡು ಬೇರೆ ಶೀರ್ಷಿಕೆಗಳಲ್ಲಿ ಅಡಗಿರುತ್ತವೆ.

ಒಂದು ಉದಾಹರಣೆ. ಮೊಟ್ಟೆಕೋಳಿಯ ದಿನದ ಆಹಾರ 110 ಗ್ರಾಂ. ಚಳಿಯಿಂದ ಅದು ಶೇ. 10ರಷ್ಟು ಹೆಚ್ಚಿತೆಂದು ಭಾವಿಸೋಣ. 1,000 ಕೋಳಿಗಳಿಗೆ ದಿನಕ್ಕೆ 11 ಕೆ.ಜಿ., 150 ದಿನಗಳಿಗೆ 1,650 ಕೆ.ಜಿ. ಹೆಚ್ಚುವರಿ ಆಹಾರ. ಕೆ.ಜಿ.ಗೆ ರೂ. 40ರಂತೆ ಇದು ರೂ. 66,000. ರೂ. 1,50,000 ವೆಚ್ಚದ ಶಾಖನಿರೋಧಕ ಹೊದಿಕೆ ಐದು ವರ್ಷ ಬಾಳಿದರೆ ವಾರ್ಷಿಕ ಹೊರೆ ರೂ. 30,000. ಹೆಚ್ಚುವರಿ ಆಹಾರ ಅರ್ಧಕ್ಕಿಳಿದರೆ ಉಳಿತಾಯ ರೂ. 33,000. ಬಂಡವಾಳದ ಬಡ್ಡಿ ಸೇರಿಸಿದರೆ ಇಷ್ಟೇ ಸಾಲದು. ಇಂಧನದ ಉಳಿತಾಯ, ನಿಲ್ಲದ ಮೊಟ್ಟೆ ಮತ್ತು ತಪ್ಪಿದ ಸಾವುಗಳನ್ನು ಕೂಡಿಸಿದಾಗಲೇ ಹೊದಿಕೆ ಲಾಭದಾಯಕವೋ ಅಲ್ಲವೋ ತಿಳಿಯುತ್ತದೆ.

ತಪ್ಪು ಮಿತವ್ಯಯ

ಇಂಧನ ಉಳಿಸಲು ಷೆಡ್ಡಿನ ಕಿಂಡಿಗಳನ್ನೆಲ್ಲ ಮುಚ್ಚುವುದು ಸಾಮಾನ್ಯ ತಪ್ಪು. ಕೋಳಿಗಳ ಉಸಿರಿನ ತೇವ ಹೊರಹೋಗದೆ ನೆಲದ ಹಾಸು ಒದ್ದೆಯಾಗಿ, ಅಮೋನಿಯಾ ತುಂಬಿ, ಉಸಿರಾಟದ ರೋಗಗಳು ಹರಡುತ್ತವೆ. ಗಾಳಿಯು ಕೋಳಿಗಳ ಮೇಲೆ ನೇರವಾಗಿ ಬೀಸಬಾರದು. ಆದರೆ ಮೇಲ್ಭಾಗದ ಕಿಂಡಿಗಳಿಂದ ಹೊರಹೋಗಲೇಬೇಕು. ಬುಖಾರಿಯಂತಹ ಒಲೆ ಉರಿಸುವುದಾದರೆ ಹೊಗೆಕೊಳವೆ ಕಡ್ಡಾಯ. ಇಲ್ಲವಾದರೆ ವಿಷಾನಿಲವು ಮರಿಗಳನ್ನೂ ಕೆಲಸಗಾರರನ್ನೂ ಬಲಿ ತೆಗೆದುಕೊಳ್ಳಬಲ್ಲದು.

ತೆರಿಗೆಯ ಅಂಶ

ಜೀವಂತ ಕೋಳಿ ಮತ್ತು ಚಿಪ್ಪುಸಹಿತ ತಾಜಾ ಮೊಟ್ಟೆಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ. ಆದಕಾರಣ ಅವನ್ನಷ್ಟೇ ಮಾರುವ ಸಾಕಣೆದಾರರಿಗೆ ಸಲಕರಣೆಗಳ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಅದು ಸಲಕರಣೆಯ ಬೆಲೆಗೆ ಸೇರುತ್ತದೆ. ಅಂತಹ ಗ್ರಾಹಕರು ತೆರಿಗೆ ಸೇರಿದ ದರವನ್ನೇ ಹೋಲಿಸುತ್ತಾರೆಂಬುದನ್ನು ತಯಾರಕರು ಮರೆಯಬಾರದು. ಕೋಳಿ ಸಾಕಣೆಯ ಆದಾಯವು ಕೃಷಿ ಆದಾಯವಲ್ಲ, ವ್ಯವಹಾರದ ಆದಾಯವೆಂಬುದೂ ನೆನಪಿರಲಿ.

ತಯಾರಕರು ಗಮನಿಸಬೇಕಾದ ಅಂಶಗಳು

1. ವಿದ್ಯುತ್ ಬ್ರೂಡರ್ ಒಂದನ್ನೇ ನಂಬಬಾರದು. ರಾತ್ರಿ ವಿದ್ಯುತ್ ಕಡಿತವಾದರೆ ಇಡೀ ತಂಡ ಸಾಯಬಹುದು. ಎರಡನೆಯ ಶಾಖಮೂಲ ಬೇಕು.
2. ನೀರು ಹೆಪ್ಪುಗಟ್ಟದ ವ್ಯವಸ್ಥೆ ಇರಲಿ. ನೀರು ಕುಡಿಯದ ಕೋಳಿ ಆಹಾರವನ್ನೂ ತಿನ್ನುವುದಿಲ್ಲ.
3. ಡಿಸೆಂಬರ್‌ನಲ್ಲಿ ಅಲ್ಲಿನ ಹಗಲು ಸುಮಾರು 10 ಗಂಟೆ. ಮೊಟ್ಟೆಗೆ 14ರಿಂದ 16 ಗಂಟೆ ಬೆಳಕು ಬೇಕಾದ್ದರಿಂದ ದೀಪಗಳನ್ನೂ ದರಪಟ್ಟಿಯಲ್ಲಿ ಸೇರಿಸಬೇಕು.
4. ಬಿಡಿಭಾಗಗಳನ್ನು ಮೊದಲ ಸರಕಿನೊಂದಿಗೇ ಕಳುಹಿಸಬೇಕು.

ಕಕ್ಷಿದಾರರು ಹಳೆಯ ದರಪಟ್ಟಿಯನ್ನು ಬದಿಗಿಟ್ಟು, ಈ ಅಂಶಗಳನ್ನು ಸೇರಿಸಿ ಹೊಸದನ್ನು ಕಳುಹಿಸಿದರು. ದರ ಏರಿತು, ಬಂದ ಬೇಡಿಕೆ 200 ಕೋಳಿಗಳ ಪ್ರಾಯೋಗಿಕ ಘಟಕಕ್ಕೆ ಮಾತ್ರ. ಅವರಿಗೆ ತುಸು ನಿರಾಸೆಯಾಯಿತು. ಆದರೆ ಹಳೆಯ ಮಾಲು ಹೋಗಿದ್ದರೆ ಒಂದೇ ರಾತ್ರಿಯಲ್ಲಿ 1,000 ಮರಿಗಳೂ ಗ್ರಾಹಕರ ವಿಶ್ವಾಸವೂ ಕಳೆದುಹೋಗುವ ಸಂಭವವಿತ್ತು. ದೂರದ ಮಾರುಕಟ್ಟೆಗೆ ಹೊರಡುವ ಸದಸ್ಯರು ಅಲ್ಲಿನ ಹವಾಮಾನವನ್ನೂ ವೆಚ್ಚಪಟ್ಟಿಯ ಒಂದು ಬಾಬ್ತಾಗಿ ಪರಿಗಣಿಸುವುದು ಲೇಸು.