ಕ್ಷ-ಕಿರಣಗಳಿಗೊಂದು ಕನ್ನಡಿ

ಜರ್ಮನಿಯ ರಾಂಟ್ಜೆನ್ ಪಂಡಿತನು 1895ರಲ್ಲಿ ತಾನು ಕಂಡ ಹೊಸ ಕಿರಣದ ಸ್ವರೂಪವು ತಿಳಿಯದುದರಿಂದ, ಗಣಿತದ ಅವ್ಯಕ್ತರಾಶಿಯ ಅಕ್ಷರವನ್ನೇ ಅದಕ್ಕೆ ಹೆಸರಾಗಿ ಇಟ್ಟನು. ನಮ್ಮವರು ಅದನ್ನು 'ಕ್ಷ-ಕಿರಣ'ವೆಂದು ಕನ್ನಡಿಸಿದರು. ಅಕ್ಷರಸಾಮ್ಯದಿಂದ ಹುಟ್ಟಿದ ಪದವಾದರೂ ಒಪ್ಪವಾಗಿ ನಿಂತಿದೆಯೆಂದೇ ನನ್ನ ಮತ.

ಆಸ್ಪತ್ರೆಯಲ್ಲಿ ಮೂಳೆಯನ್ನು ತೋರುವ ಈ ಕಿರಣವನ್ನು ಆಕಾಶದ ಕೆಲವು ಜ್ಯೋತಿಗಳೂ ಸೂಸುತ್ತವೆ. ಸೂರ್ಯನನ್ನು ಬಿಟ್ಟರೆ ಅಂಥ ಮೊದಲ ಜ್ಯೋತಿಯು 1962ರಲ್ಲಿ ರಾಕೆಟ್ಟಿನ ಮೂಲಕ ಕಂಡಿತು. ವಾಯುಮಂಡಲವು ಈ ಕಿರಣಗಳನ್ನು ಹೀರಿಬಿಡುವುದರಿಂದ ನೆಲದ ಮೇಲೆ ಎಂಥ ದೂರದರ್ಶಕವನ್ನು ನೆಟ್ಟರೂ ಫಲವಿಲ್ಲ, ಉಪಗ್ರಹವೇ ಬೇಕು. ಅಲ್ಲಿಯೂ ಒಂದು ತೊಡಕುಂಟು. ನೇರವಾಗಿ ಬಿದ್ದ ಕ್ಷ-ಕಿರಣವನ್ನು ಸಾಮಾನ್ಯ ಕನ್ನಡಿಯು ಹಿಂತಿರುಗಿಸದು. ಕಿರಣವು ಅದರೊಳಗೆ ಹೊಕ್ಕುಬಿಡುತ್ತದೆ.

ಕೊಕ್ಕರ್ಣೆಯ ಕಡೆಯ ಮಕ್ಕಳಿಗೆ ಇದರ ಪರಿಹಾರವನ್ನು ವಿವರಿಸುವುದು ಕಷ್ಟವಲ್ಲ. ಸೀತಾನದಿಯ ನೀರಿಗೆ ಹಂಚಿನ ಚೂರೊಂದನ್ನು ಮೇಲಿನಿಂದ ಎಸೆದರೆ ಮುಳುಗುತ್ತದೆ. ನೀರನ್ನು ಸವರುವಂತೆ ಬಾಗಿ ಬೀಸಿದರೆ ಪುಟಿಯುತ್ತ ಸಾಗುತ್ತದೆ. ಕಾರಣ ಬೇರೆಯಾದರೂ ಕ್ಷ-ಕಿರಣದ ನಡತೆ ಹೀಗೆಯೇ. ಕನ್ನಡಿಯನ್ನು ಸವರಿಕೊಂಡು ಬಂದರೆ ಮಾತ್ರ ಅದು ಪ್ರತಿಫಲಿಸುತ್ತದೆ. ಆದುದರಿಂದ ಈ ದೂರದರ್ಶಕದ ಕನ್ನಡಿಯು ತಟ್ಟೆಯಂತಿರದೆ, ತುಸು ಕಿರಿದಾಗುತ್ತ ಹೋಗುವ ಕೊಳವೆಯಂತಿರುತ್ತದೆ. ಒಂದು ಕೊಳವೆ ಹಿಡಿಯುವ ಬೆಳಕು ಅತ್ಯಲ್ಪ. ಆದಕಾರಣ ಈರುಳ್ಳಿಯ ಪದರಗಳಂತೆ ಒಂದರೊಳಗೊಂದನ್ನು ಇಡುತ್ತಾರೆ.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಏರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಇಂಥ 40 ಪದರಗಳ ದೂರದರ್ಶಕವಿದೆ. ಅದನ್ನು ನಿರ್ಮಿಸಿದವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು. ಬಿಂಬವನ್ನು ಹಿಡಿಯುವ ಕ್ಯಾಮರಾ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ್ದು. ನಾಭಿದೂರ 2 ಮೀಟರು. ನುಣುಪಾದ ಗಾಜಿನ ಅಚ್ಚಿನ ಮೇಲೆ ಚಿನ್ನದ ಲೇಪವಿತ್ತು, ಅದನ್ನು ಅಂಟಿನಿಂದ 0.2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಗೆ ವರ್ಗಾಯಿಸಿ, 320 ಕನ್ನಡಿ ತುಣುಕುಗಳನ್ನು ಮಾಡಿದರು. ಮೈಯ ಒರಟುತನವು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲಿನಷ್ಟೇ ಇರಬೇಕು. ಮೀರಿದರೆ ಕಿರಣ ಚೆದರಿಹೋಗುತ್ತದೆ. ನಮ್ಮ ಅಕ್ಕಸಾಲಿಗರಿಗೂ ಇದು ಬೆರಗೇ ಸರಿ.

ಆಮೇಲಿನದು ಪರೀಕ್ಷೆ. ರಾಕೆಟ್ಟಿನ ನಡುಕವನ್ನು ಅನುಕರಿಸುವ ಕಂಪನಪೀಠದ ಮೇಲೆ ಅಲುಗಿಸಬೇಕು. ಗಾಳಿ ತೆಗೆದ ಕೋಣೆಯಲ್ಲಿಟ್ಟು ಬಿಸಿ ಮಾಡಬೇಕು, ತಣಿಸಬೇಕು. ಕ್ಯಾಮರಾದ ಸಂವೇದಕವಂತೂ ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗಿದ್ದು ದುಡಿಯಬೇಕಾದದ್ದು. ಕನ್ನಡಿಗೆ ಧೂಳಾಗಲಿ ಆವಿಯಾಗಲಿ ತಗುಲಬಾರದೆಂದು ಬಾಗಿಲುಗಳನ್ನು ಇರಿಸಿ, ಕಕ್ಷೆ ಸೇರಿ ಕೆಲವು ದಿನ ಕಳೆದ ಮೇಲೆ ತೆರೆದರು.

ಇಷ್ಟು ಎಚ್ಚರ ಏಕೆ? ಉಡುಪಿ ಜಿಲ್ಲೆಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟವು 1975ರ ಏಪ್ರಿಲ್ 19ರಂದು ಕಕ್ಷೆಗೇರಿತು. ಅದರಲ್ಲಿಯೂ ಕ್ಷ-ಕಿರಣ ಪ್ರಯೋಗವಿತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಪ್ರಯೋಗಗಳು ನಿಂತವು. ಮೇಲೆ ಹೋಗಿ ಸರಿಪಡಿಸುವವರಾರು? ಪರೀಕ್ಷೆಯೂ ಸರ್ವರಕ್ಷೆಯಲ್ಲ: ಆಸ್ಟ್ರೋಸ್ಯಾಟಿನ ಮತ್ತೊಂದು ಉಪಕರಣದ ಮೂರು ಅನಿಲಪಾತ್ರೆಗಳಲ್ಲಿ ಒಂದು ಬಾಹ್ಯಾಕಾಶದಲ್ಲಿ ಸೋರಿತು, ಉಳಿದೆರಡರಿಂದ ಕಾರ್ಯ ಮುಂದುವರಿಯಿತು.

2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಮುಖ್ಯ ಉಪಕರಣವನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯು ರೂಪಿಸಿತು. ಅದರಲ್ಲಿ ಕನ್ನಡಿಯೇ ಇಲ್ಲ. ನಡುವಿನ ವಸ್ತುವಿಗೆ ತಾಗಿ ಚೆದರಿದ ಕಿರಣಗಳನ್ನು ಸುತ್ತಲಿನ ನಾಲ್ಕು ಪತ್ತೆಕಾರಕಗಳು ಎಣಿಸಿ, ಕಿರಣದ ಕಂಪನವು ಯಾವ ದಿಕ್ಕಿನದೆಂಬುದನ್ನು ತಿಳಿಸುತ್ತವೆ.