ಭಾನುವಾರ ಸಂಜೆಗೇ ಸೋಮವಾರದ ಭಯ ಬೇಡ

ಶುಕ್ರವಾರ ಸಂಜೆ ಆರು ಗಂಟೆಗೆ ಮ್ಯಾನೇಜರ್ ಒಂದು ಮೆಸೇಜು ಹಾಕುತ್ತಾರೆ: ‘ಸೋಮವಾರ ಸ್ವಲ್ಪ ಮಾತಾಡೋಣ.’ ಅಷ್ಟೇ. ಯಾಕೆ, ಏನು ಅಂತ ಒಂದಕ್ಷರವಿಲ್ಲ. ಆಮೇಲೆ ನೀವು ಮಾಡುವುದೇನು? ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಕೆಲಸ ಹೋಯಿತು ಎಂದು ತೀರ್ಮಾನಿಸಿಬಿಡುತ್ತೀರಿ. ಶನಿವಾರವಿಡೀ ಫ್ಲಾಟಿನ ಇಎಂಐ ಲೆಕ್ಕ, ಭಾನುವಾರ ಮಗುವನ್ನು ಆ ದುಬಾರಿ ಶಾಲೆ ಬಿಡಿಸುವ ಯೋಚನೆ. ಸೋಮವಾರ ಎದೆ ಹಿಡಿದುಕೊಂಡು ಹೋದರೆ ಅವರು ಕೇಳುವುದು ಹಬ್ಬಕ್ಕೆ ಯಾರ್ಯಾರು ರಜೆ ಹಾಕುತ್ತೀರಿ ಅಂತ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ನಗುತ್ತೇವೆ. ನೀವಾದರೋ ಹುಟ್ಟದ ಕೂಸಿನ ಕಾಯಿಲೆಗೆ ಔಷಧಿಯನ್ನೂ ತಂದಿಟ್ಟುಕೊಳ್ಳುತ್ತೀರಿ.

ಹೆದರಿಕೆಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಪಾಯ ಕಂಡಾಗ ಅಡ್ರಿನಲಿನ್ ಸುರಿದು, ಎದೆಬಡಿತ ಏರಿಸಿ, ಓಡಲು ಇಲ್ಲವೇ ಎದುರಿಸಲು ನಮ್ಮನ್ನು ಸಜ್ಜು ಮಾಡುವುದು ದೇಹದ ಗುಣ. ತೊಂದರೆಯೇನೆಂದರೆ, ಹುಲಿ ಬಂದರೂ ಅದೇ ಸಜ್ಜು, ಅಪ್ರೈಸಲ್ ಬಂದರೂ ಅದೇ ಸಜ್ಜು. ಕುರ್ಚಿಯಲ್ಲಿ ಕೂತವರು ಓಡುವುದೆಲ್ಲಿಗೆ? ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ, ಕುತ್ತಿಗೆ ಬಿಗಿಯುತ್ತದೆ. ಪರೀಕ್ಷೆಯ ಹಿಂದಿನ ದಿನ ಹೀಗಾದರೆ ಅದು ಸಹಜ, ಪರೀಕ್ಷೆ ಮುಗಿದ ಮೇಲೆ ಇಳಿಯುತ್ತದೆ. ಆದರೆ ಒಂದಲ್ಲ ಒಂದು ಕಾರಣ ಹಿಡಿದು ಆರು ತಿಂಗಳಿಂದ ಹೆಚ್ಚಿನ ದಿನಗಳೂ ಹೀಗೇ ಇದ್ದು, ನಿದ್ದೆ, ಕೆಲಸ, ಮನೆಯವರ ಜೊತೆಗಿನ ಮಾತು ಎಲ್ಲ ಕೆಡುತ್ತಿದ್ದರೆ ಅದು ಆತಂಕದ ಕಾಯಿಲೆ. ಸ್ವಭಾವ ಅಂತ ತಳ್ಳಿಹಾಕಬೇಡಿ.

ಮೊದಲು ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ರಕ್ತ ಕಡಿಮೆಯಿದ್ದರೂ ಮೆಟ್ಟಿಲು ಹತ್ತುವಾಗ ಏದುಸಿರು. ಎಷ್ಟೋ ಜನ ಇದನ್ನು ನೋಡಿಸದೆ ವರ್ಷಗಟ್ಟಲೆ ಮನಸ್ಸನ್ನೇ ಬೈದುಕೊಂಡಿರುತ್ತಾರೆ.

ಇನ್ನು ನಿಮ್ಮ ಅಭ್ಯಾಸಗಳ ವಿಚಾರ. ಬೇಜಾರು ಮಾಡಿಕೊಳ್ಳಬೇಡಿ, ಆತಂಕ ತಾನಾಗಿ ಬೆಳೆಯುವುದಕ್ಕಿಂತ ನೀವು ಸಾಕುವುದೇ ಹೆಚ್ಚು. ಒಂದು ಮೇಲ್ ಕಳಿಸುತ್ತೀರಿ. ಆಮೇಲೆ ಕಳಿಸಿದ ಮೇಲನ್ನೇ ತೆಗೆದು ಮೂರು ಸಲ ಓದುತ್ತೀರಿ, ತಪ್ಪೇನಾದರೂ ಇದೆಯಾ ಅಂತ. ಬಾಸ್ ಹೆಸರಿನ ಪಕ್ಕದ ಹಸಿರು ಚುಕ್ಕೆ ನೋಡುತ್ತೀರಿ, ನೀಲಿ ಟಿಕ್ ಬಂತಾ ನೋಡುತ್ತೀರಿ, ಪಕ್ಕದ ಸಹೋದ್ಯೋಗಿಯನ್ನು ‘ಅವರು ಸಿಟ್ಟಾಗಿದ್ದಾರಾ?’ ಅಂತ ಕೇಳುತ್ತೀರಿ. ಕಜ್ಜಿ ಕೆರೆದಂತೆ ಇದು. ಆ ಗಳಿಗೆಗೆ ಹಾಯೆನಿಸುತ್ತದೆ, ಗಾಯ ದೊಡ್ಡದಾಗುತ್ತದೆ. ಮೇಲನ್ನು ಕಳಿಸುವ ಮುಂಚೆ ಒಮ್ಮೆ ಓದಿ. ಕಳಿಸಿದ ಮೇಲೆ ಮುಟ್ಟಬೇಡಿ. ಮೊದಲ ವಾರ ಕೈ ತಡೆಯುವುದಿಲ್ಲ, ನಿಜ. ತಡೆದುಕೊಳ್ಳಿ.

ಇದಕ್ಕಿಂತ ಕೆಟ್ಟದ್ದು ತಪ್ಪಿಸಿಕೊಳ್ಳುವ ಚಾಳಿ. ಮೀಟಿಂಗಿನಲ್ಲಿ ಮಾತಾಡಲು ಭಯ, ಅದಕ್ಕೆ ಕ್ಯಾಮೆರಾ ಆಫ್. ಕ್ಲೈಂಟ್ ಮುಂದೆ ಪ್ರೆಸೆಂಟೇಷನ್ ಇದೆ, ಅದಕ್ಕೆ ಜ್ವರದ ನೆಪ. ಅವತ್ತು ಬಚಾವಾದಿರಿ ಸರಿ, ಆದರೆ ‘ಅದು ನಿಜಕ್ಕೂ ಅಪಾಯವೇ’ ಎಂದು ನಿಮ್ಮ ಮಿದುಳು ಇನ್ನೊಂದು ಸಲ ಕಲಿತುಕೊಂಡಿತು. ಮುಂದಿನ ಸಲ ಭಯ ಎರಡು ಮೆಟ್ಟಿಲು ಮೇಲೆಯೇ ಶುರುವಾಗುತ್ತದೆ. ಮನಸ್ಸಿನ ತಜ್ಞರು ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಮುಖ್ಯವಾಗಿ ಬಿಡಿಸುವುದು ಇದೇ ಗಂಟನ್ನು. ನಿಮ್ಮ ಮಟ್ಟಿಗೆ ಚಿಕ್ಕದರಿಂದ ಶುರು ಮಾಡಿ. ಈ ವಾರ ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿ. ಮುಂದಿನ ವಾರ ನಿಮ್ಮ ಕೆಲಸದ ವಿಷಯವನ್ನು ನೀವೇ ಎರಡು ನಿಮಿಷ ಹೇಳಿ. ಧ್ವನಿ ನಡುಗಲಿ, ನಡುಗುತ್ತಲೇ ಹೇಳಿ ಮುಗಿಸಿ. ಭಯ ಇಳಿಯುವವರೆಗೆ ಅಲ್ಲೇ ಇರುವುದು ಮುಖ್ಯ.

ರಾತ್ರಿಯ ಯೋಚನೆಗಳಿಗೂ ಒಂದು ಉಪಾಯವಿದೆ. ‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅಂತಾರೆ. ನಮಗೆಲ್ಲ ಅಂಥ ಯೋಗವಿಲ್ಲ, ಚಿಂತೆ ಇದ್ದೇ ಇರುತ್ತದೆ. ಅದಕ್ಕೊಂದು ಹೊತ್ತು ಗೊತ್ತು ಮಾಡಿ. ಸಂಜೆ ಇಪ್ಪತ್ತು ನಿಮಿಷ, ಒಂದು ನೋಟ್‌ಬುಕ್, ಪುಟದ ನಡುವೆ ಒಂದು ಗೆರೆ. ಎಡಕ್ಕೆ ನಾಳೆ ನನ್ನಿಂದ ಆಗುವುದು: ‘ರಿಪೋರ್ಟಿನ ಮೂರನೇ ಪುಟ ತಿದ್ದಬೇಕು’, ‘ಎಚ್ಆರ್‌ಗೆ ಫೋನ್’. ಬಲಕ್ಕೆ ನನ್ನ ಕೈಯಲ್ಲಿ ಇಲ್ಲದ್ದು: ‘ಕಂಪನಿ ಜನರನ್ನು ತೆಗೆಯುತ್ತದಾ?’ ರಾತ್ರಿ ಹನ್ನೆರಡಕ್ಕೆ ಯೋಚನೆ ಬಂದರೆ, ನಾಳೆ ಸಂಜೆ ನೋಡೋಣ ಎಂದು ಕಳಿಸಿಬಿಡಿ. ಫೋನು ಮಲಗುವ ಕೋಣೆಯಲ್ಲಿ ಬೇಡ. ಅಲಾರಂಗೆ ಫೋನು ಬೇಕು ಅಂತ ನೆಪ ಹೇಳಬೇಡಿ. ಅಲಾರಂ ಗಡಿಯಾರ ಈಗಲೂ ಅಂಗಡಿಯಲ್ಲಿ ಸಿಗುತ್ತದೆ.

ಕಾಫಿ ಬಿಡಿ ಎಂದರೆ ನನಗೇ ಕಷ್ಟ, ಹಾಗಾಗಿ ಹೇಳುವುದಿಲ್ಲ. ಆದರೆ ಕುಡಿದ ಕೆಫೀನಿನಲ್ಲಿ ಅರ್ಧ ದೇಹದಿಂದ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಸ್ಟ್ರಾಂಗ್ ಫಿಲ್ಟರ್ ಕಾಫಿ ಇಳಿಸಿ ರಾತ್ರಿ ಹತ್ತಕ್ಕೆ ‘ನಿದ್ದೆ ಬರ್ತಿಲ್ಲ’ ಅಂದರೆ ತಪ್ಪು ಯಾರದು? ಮಧ್ಯಾಹ್ನದ ಮೇಲೆ ಬೇಡ. ಟೆನ್ಷನ್ನಿಗೆ ಅಂತ ಎರಡು ಪೆಗ್ ಹಾಕುವವರೂ ಕೇಳಿ: ಅಮಲು ಇಳಿಯುವ ಬೆಳಗಿನ ಜಾವ ಆತಂಕ ಇಮ್ಮಡಿಯಾಗಿ ಎಬ್ಬಿಸುತ್ತದೆ.

ಕೆಲವೊಮ್ಮೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾಗಿ, ಸತ್ತೇಹೋಗುತ್ತೇನೆ ಅನ್ನಿಸುತ್ತದೆ. ಪ್ಯಾನಿಕ್ ಅಟ್ಯಾಕ್ ಅನ್ನುವುದು ಇದನ್ನೇ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಹೋಗಿ ಆಮೇಲೆ ಇಳಿಯುತ್ತದೆ. ಜೋರಾಗಿ ಉಸಿರು ಎಳೆಯಬೇಡಿ, ತಲೆಸುತ್ತು ಹೆಚ್ಚುತ್ತದೆ. ಮೆಲ್ಲಗೆ ಒಳಗೆ, ಅದಕ್ಕಿಂತ ನಿಧಾನವಾಗಿ ಹೊರಗೆ. ಆದರೆ ಎದೆನೋವು ಮೊದಲ ಸಲ ಬಂದಿದ್ದರೆ, ಎಡಗೈಗೋ ದವಡೆಗೋ ಹರಿಯುತ್ತಿದ್ದರೆ, ಟೆನ್ಷನ್ ಅಂತ ನೀವೇ ತೀರ್ಪು ಕೊಡಬೇಡಿ. ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಏನೂ ಇಲ್ಲವೆಂದರೆ ನಾಚಿಕೆಪಡಬೇಕಿಲ್ಲ.

ಎಲ್ಲ ನಿಮ್ಮದೇ ತಪ್ಪು ಅಂತ ನಾನು ಹೇಳಿದರೆ ಅದು ಅನ್ಯಾಯ. ಬೆಳಗ್ಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಂಟೆಗಟ್ಟಲೆ ನಿಂತು, ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕಾಲ್ ಮುಗಿಸುವವರಿಗೆ ಪ್ರಾಣಾಯಾಮ ಮಾಡಿ ಅನ್ನುವುದು ಸುಲಭ. ಕೆಲಸವೇ ಅತಿಯಾಗಿದ್ದರೆ ಅದನ್ನು ಕೆಲಸ ಕೊಟ್ಟವರಿಗೇ ಹೇಳಬೇಕು. ಮಾತು ಬಲ್ಲವನಿಗೆ ಜಗಳವಿಲ್ಲ. ‘ನನ್ನಿಂದಾಗಲ್ಲ’ ಅನ್ನುವ ಬದಲು ‘ನನ್ನ ಹತ್ತಿರ ಈ ನಾಲ್ಕು ಕೆಲಸ ಇವೆ, ಶುಕ್ರವಾರಕ್ಕೆ ಎರಡು ಆಗುತ್ತವೆ, ಯಾವ ಎರಡು ಬೇಕು ಹೇಳಿ’ ಎಂದು ಕೇಳಿ. ‘ಸೋಮವಾರ ಮಾತಾಡೋಣ’ ಎಂದು ಮೆಸೇಜು ಬಂದರೂ ಅಷ್ಟೇ, ‘ಯಾವ ವಿಷಯ ಸರ್, ಸಿದ್ಧವಾಗಿ ಬರ್ತೀನಿ’ ಅಂತ ಕೂಡಲೇ ಕೇಳಿಬಿಡಿ. ಮ್ಯಾನೇಜರುಗಳೇ, ನೀವೂ ಓದುತ್ತಿದ್ದರೆ, ವಿಷಯವನ್ನು ಮೆಸೇಜಿನಲ್ಲೇ ಬರೆಯಿರಿ. ನಾಲ್ಕು ಪದ ಹೆಚ್ಚಿಗೆ ಬರೆದರೆ ಬೆರಳು ಸವೆಯುವುದಿಲ್ಲ. ಸಾಲದ ವಿಷಯದಲ್ಲಿ ಮಾತ್ರ ನನ್ನದು ಹಳೇ ಕಾಲದ ಬುದ್ಧಿ: ಹಾಸಿಗೆ ಇದ್ದಷ್ಟು ಕಾಲು ಚಾಚಿ. ಸಂಬಳದ ಮುಕ್ಕಾಲು ಇಎಂಐಗೇ ಹೋಗುವ ಮನೆಯಲ್ಲಿ ಯಾವ ಧ್ಯಾನವೂ ನಾಟುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಹಗುರವಾಗದಿದ್ದರೆ ವೈದ್ಯರ ಹತ್ತಿರ ಹೋಗಿ. 14416ಕ್ಕೆ ಫೋನ್ ಮಾಡಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಕಾಸು ಖರ್ಚಿಲ್ಲ. 2022ರ ಅಕ್ಟೋಬರ್‌ನಿಂದ ಇದು ನಡೆಯುತ್ತಿದೆ. ಬದುಕೇ ಸಾಕು ಅನ್ನಿಸಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಈಗಲೇ ಮಾಡಿ, ಮನೆಯವರಿಗೂ ಹೇಳಿ. ನಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಅಂದರೆ ಹಿಂಜರಿಯುವವರು ಇನ್ನೂ ಇದ್ದಾರೆ; ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ಇಂಥವರಿಗೆಂದೇ ನಿಮ್ಹಾನ್ಸ್‌ನ ಕ್ಷೇಮ ಕೇಂದ್ರವಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಯನ್ನೂ ದೇಹದ ಕಾಯಿಲೆಯಂತೆಯೇ ಕಾಣಬೇಕು, ನಿಮ್ಮ ಪಾಲಿಸಿಯಲ್ಲಿ ಏನಿದೆ ಓದಿ.

ಗೆಳೆಯ ಕೊಟ್ಟ ಆಲ್ಪ್ರಜೋಲಾಮ್ ಮಾತ್ರೆ ನುಂಗಬೇಡಿ. ಬೇಗ ನೆಮ್ಮದಿ ಕೊಡುತ್ತದೆ, ಬೇಗ ಚಟವೂ ಆಗುತ್ತದೆ. ಆತಂಕಕ್ಕೆ ವೈದ್ಯರು ಸಾಮಾನ್ಯವಾಗಿ ಬರೆಯುವ ಔಷಧಿಗಳು ಹತ್ತುವುದಕ್ಕೆ ಕೆಲವು ವಾರ ಹಿಡಿಯುತ್ತದೆ. ಎರಡೇ ದಿನಕ್ಕೆ ‘ಏನೂ ಪ್ರಯೋಜನ ಇಲ್ಲ’ ಅಂತ ಬಿಡಬೇಡಿ, ಗುಣವಾಯಿತೆಂದು ನೀವಾಗಿಯೇ ನಿಲ್ಲಿಸಲೂ ಬೇಡಿ. ಹೋಗುವಾಗ ಥೈರಾಯ್ಡ್ ರಿಪೋರ್ಟು, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ, ಆ ಗೆರೆ ಎಳೆದ ನೋಟ್‌ಬುಕ್ ಮೂರನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ದಿನಕ್ಕೆ ಎಷ್ಟು ಕಾಫಿ ಎಂದು ವೈದ್ಯರು ಕೇಳಿದರೆ ನಿಜ ಹೇಳಿ.