ಉಸಿರಿನ ಹಾದಿಯೂ ಚೋದಕರಸಗಳೂ

ಉಬ್ಬಸವೆಂಬ ವ್ಯಾಧಿಯು ನಮ್ಮ ನಾಡಿಗೆ ಹೊಸತಲ್ಲ. ಗೂರಲು, ದಮ್ಮು, ಉಬ್ಬಸ ಎಂದು ಜನರ ಮಾತಿನಲ್ಲಿಯೂ, ಶ್ವಾಸರೋಗವೆಂದು ಶಾಸ್ತ್ರದಲ್ಲಿಯೂ ಇದಕ್ಕೆ ಹೆಸರುಂಟು. ಚರಕಸಂಹಿತೆಯು ಶ್ವಾಸರೋಗವನ್ನು ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಐದು ಬಗೆಯಾಗಿ ವಿಂಗಡಿಸಿದೆ. ಮಲಗಿದರೆ ಹೆಚ್ಚುವುದು, ಎದ್ದು ಕುಳಿತರೆ ತುಸು ನೆಮ್ಮದಿಯಾಗುವುದು, ಮೋಡ ಮಳೆ ಚಳಿಗಳಿಗೆ ಕೆರಳುವುದು ಎಂದು ಅದು ತಮಕಶ್ವಾಸಕ್ಕೆ ಹೇಳುವ ಲಕ್ಷಣಗಳನ್ನು ಓದಿದವರಿಗೆ ಇಂದಿನ ಆಸ್ತಮಾದ ನೆನಪಾಗದೆ ಇರದು. ಲಕ್ಷಣವನ್ನು ಹಿಂದಿನವರು ಚೆನ್ನಾಗಿ ಕಂಡಿದ್ದರು. ಆ ಲಕ್ಷಣದ ಹಿಂದೆ ದೇಹದ ಒಳಗೆ ನಡೆಯುವ ವ್ಯಾಪಾರವನ್ನು ಕಳೆದ ನೂರಿಪ್ಪತ್ತು ವರ್ಷಗಳ ವಿಜ್ಞಾನವು ಬಿಡಿಸಿ ತೋರಿಸಿದೆ. ಅದನ್ನು ಕನ್ನಡದಲ್ಲಿ ತಿಳಿಯಹೇಳುವುದು ಈ ಲೇಖನದ ಉದ್ದೇಶ.

ನಮ್ಮ ಶ್ವಾಸನಾಳವು ಎದೆಗೂಡಿನೊಳಗೆ ಮರದಂತೆ ಕವಲೊಡೆದು ಸಣ್ಣ ಸಣ್ಣ ನಾಳಗಳಾಗುತ್ತದೆ. ಈ ನಾಳಗಳ ಗೋಡೆಯಲ್ಲಿ ನಮ್ಮ ಇಚ್ಛೆಗೆ ಒಳಪಡದ ಸ್ನಾಯುಗಳಿವೆ. ಆಸ್ತಮಾ ಇರುವವರಲ್ಲಿ ನಾಳದ ಒಳಪೊರೆಯು ಸದಾ ಉರಿಯೂತಕ್ಕೆ ಒಳಗಾಗಿ ಊದಿಕೊಂಡಿರುತ್ತದೆ. ಧೂಳೋ ಹೊಗೆಯೋ ಪರಾಗವೋ ಸೋಂಕಿದೊಡನೆ ಸ್ನಾಯು ಬಿಗಿದು, ಕಫ ತುಂಬಿ, ಹಾದಿ ಕಿರಿದಾಗುತ್ತದೆ. ಹೀಗೆ ಎರಡು ಕೇಡುಗಳು ಕೂಡಿರುತ್ತವೆ: ಊತವೊಂದು, ಬಿಗಿತವೊಂದು. ಈ ಎರಡನ್ನೂ ಹದ್ದಿನಲ್ಲಿಡುವ ಶಕ್ತಿ ದೇಹದ ಕೆಲವು ರಸಗಳಿಗೆ ಉಂಟು. ಅವೇ ಹಾರ್ಮೋನುಗಳು.

ಹಾರ್ಮೋನ್ ಎಂಬ ಶಬ್ದವನ್ನು 1905ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಶರೀರವಿಜ್ಞಾನಿ ಸ್ಟಾರ್ಲಿಂಗ್. ಗ್ರೀಕ್ ಭಾಷೆಯ ಅದರ ಮೂಲಕ್ಕೆ ಪ್ರೇರಿಸು, ಎಬ್ಬಿಸು ಎಂದರ್ಥ. ಪ್ರೇರಣೆಯ ಅರ್ಥವೇ ಇರುವ ಸಂಸ್ಕೃತದ 'ಚುದ್' ಧಾತುವಿನಿಂದ ಚೋದಕ ಎಂಬ ಶಬ್ದ ನಮಗೆ ದೊರೆಯುವುದರಿಂದ ಚೋದಕರಸವೆಂಬ ಹೆಸರು ಇದಕ್ಕೆ ಒಪ್ಪುತ್ತದೆ. ನಿರ್ನಾಳ ಗ್ರಂಥಿಗಳಲ್ಲಿ ಹುಟ್ಟಿ, ರಕ್ತದಲ್ಲಿ ಬೆರೆತು, ದೂರದ ಅಂಗಕ್ಕೆ ಆಜ್ಞೆಯನ್ನು ಒಯ್ಯುವ ದೂತರು ಇವು.

ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಇವುಗಳ ತಿರುಳಿನಲ್ಲಿ ಅಡ್ರಿನಲಿನ್ ಎಂಬ ರಸವೂ ತೊಗಟೆಯಲ್ಲಿ ಕಾರ್ಟಿಸಾಲ್ ಎಂಬ ರಸವೂ ಉತ್ಪನ್ನವಾಗುತ್ತವೆ. ಮೊದಲನೆಯದು ಶ್ವಾಸನಾಳದ ಬಿಗಿತವನ್ನು ಸಡಿಲಿಸುತ್ತದೆ. ಎರಡನೆಯದು ಊತವನ್ನು ತಗ್ಗಿಸುತ್ತದೆ. ಕಾರ್ಟಿಸಾಲ್ ಬೆಳಿಗ್ಗೆ ಏರಿ, ನಡುರಾತ್ರಿಯ ವೇಳೆಗೆ ಬಹಳ ಇಳಿದಿರುತ್ತದೆ. ಅಡ್ರಿನಲಿನ್ನಿನ ಪ್ರಮಾಣವೂ ರಾತ್ರಿಯಲ್ಲಿ ಕುಗ್ಗುತ್ತದೆ. ಉಬ್ಬಸವು ಬೆಳಗಿನ ಜಾವದಲ್ಲಿಯೇ ಏಕೆ ರೋಗಿಯನ್ನು ಎಬ್ಬಿಸಿ ಕೂರಿಸುತ್ತದೆಂಬ ಪ್ರಶ್ನೆಗೆ ಇದೂ ಒಂದು ಉತ್ತರ.

ಇಂದಿನ ಔಷಧಗಳು ಈ ಎರಡು ರಸಗಳನ್ನೇ ಅನುಕರಿಸಿದವು. ಅಡ್ರಿನಲಿನ್ನಿನ ಮಾದರಿಯಲ್ಲಿ, ಹೃದಯವನ್ನು ಅಷ್ಟಾಗಿ ಕೆರಳಿಸದಂತೆ ರಚಿಸಿದ ಸಾಲ್ಬ್ಯುಟಮಾಲ್ 1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದಿತು. ಅಡ್ರಿನಲ್ ತೊಗಟೆಯ ರಸಗಳನ್ನು ಕುರಿತ ಶೋಧನೆಗಾಗಿ ಕೆಂಡಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಹುಮಾನ ಸಂದಿತು. ಅದೇ ವರ್ಗದ ಸ್ಟಿರಾಯ್ಡನ್ನು ನೇರವಾಗಿ ಶ್ವಾಸನಾಳಕ್ಕೆ ಎಳೆದುಕೊಳ್ಳುವ ಕ್ರಮ 1970ರ ದಶಕದಲ್ಲಿ ರೂಢಿಗೆ ಬಂದಿತು.

ಸ್ಟಿರಾಯ್ಡ್ ಎಂಬ ಹೆಸರು ಕೇಳಿದೊಡನೆ ಹಲವರು ಬೆಚ್ಚುತ್ತಾರೆ. ಈ ಭಯದಲ್ಲಿ ಸತ್ಯವೂ ಉಂಟು, ಭ್ರಾಂತಿಯೂ ಉಂಟು. ಮಾತ್ರೆಯ ಪ್ರಮಾಣವನ್ನು ಮಿಲಿಗ್ರಾಂಗಳಲ್ಲಿ ಅಳೆದರೆ, ಇನ್‌ಹೇಲರಿನ ಪ್ರಮಾಣವನ್ನು ಅದರ ಸಾವಿರದಲ್ಲೊಂದು ಭಾಗವಾದ ಮೈಕ್ರೋಗ್ರಾಂಗಳಲ್ಲಿ ಅಳೆಯುತ್ತಾರೆ. ಎಳೆದುಕೊಂಡ ಬಳಿಕ ಬಾಯಿ ಮುಕ್ಕಳಿಸಿದರೆ ಬಾಯಿಹುಣ್ಣಿನ ತೊಂದರೆಯೂ ತಗ್ಗುತ್ತದೆ. ಭಯಪಡಬೇಕಾದುದು ಬೇರೆ ಕಡೆ. ಹೆಸರಿಲ್ಲದ ಪೊಟ್ಟಣಗಳಲ್ಲಿ ಬರುವ ಕೆಲವು ಉಬ್ಬಸದ ಪುಡಿಗಳಲ್ಲಿ ಇದೇ ಸ್ಟಿರಾಯ್ಡನ್ನು ಗುಟ್ಟಾಗಿ ಬೆರೆಸಿರುವುದುಂಟು. ಅಂತಹುದನ್ನು ಬಹುಕಾಲ ಸೇವಿಸಿದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ದೇಹದ ಸ್ವಂತ ಗ್ರಂಥಿಯು ಕೆಲಸ ಮರೆತು ಮಲಗುತ್ತದೆ. ಆಗ ಪುಡಿಯನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರು ಕೊಟ್ಟ ಸ್ಟಿರಾಯ್ಡ್ ಮಾತ್ರೆಗೂ ಈ ಎಚ್ಚರಿಕೆ ಸಲ್ಲುತ್ತದೆ. ಅದನ್ನು ಬಹುದಿನ ಸೇವಿಸಿದವರು ವೈದ್ಯರು ಹೇಳಿದ ಕ್ರಮದಲ್ಲಿಯೇ ನಿಲ್ಲಿಸತಕ್ಕದ್ದು.

ಇನ್ನು ಸ್ತ್ರೀಪುರುಷ ಭೇದದ ವಿಚಾರ. ಬಾಲ್ಯದಲ್ಲಿ ಆಸ್ತಮಾ ಗಂಡುಮಕ್ಕಳಲ್ಲಿ ಹೆಚ್ಚು. ಪ್ರಾಯ ಬಂದ ಮೇಲೆ ಈ ಲೆಕ್ಕ ತಿರುವುಮುರುವಾಗಿ ಹೆಂಗಸರಲ್ಲಿಯೇ ಹೆಚ್ಚಾಗುತ್ತದೆ. ಪುರುಷರ ಟೆಸ್ಟಾಸ್ಟಿರಾನ್ ಉರಿಯೂತವನ್ನು ತಡೆಯುವುದೆಂದೂ, ಸ್ತ್ರೀಯರ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿರಾನ್‌ಗಳ ಏರಿಳಿತ ಕೆಲವರಲ್ಲಿ ಅದನ್ನು ಕೆರಳಿಸುವುದೆಂದೂ ತಜ್ಞರ ಅಭಿಪ್ರಾಯ. ಕೆಲವು ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಉಬ್ಬಸ ಹೆಚ್ಚುವುದು ಇದರಿಂದಲೇ. ಗರ್ಭಿಣಿಯರ ವಿಷಯದಲ್ಲಿ, ಸುಮಾರು ಮೂರರಲ್ಲೊಂದು ಪಾಲು ಜನಕ್ಕೆ ರೋಗ ತಗ್ಗುತ್ತದೆ, ಇನ್ನೊಂದು ಪಾಲಿಗೆ ಹೆಚ್ಚುತ್ತದೆ, ಉಳಿದವರಿಗೆ ಇದ್ದಂತೆಯೇ ಇರುತ್ತದೆ. ಮಗುವಿಗೆ ಕೇಡಾದೀತೆಂದು ಇನ್‌ಹೇಲರನ್ನು ಬಿಟ್ಟುಬಿಡುವ ತಾಯಂದಿರಿದ್ದಾರೆ. ತಾಯಿಗೆ ಉಸಿರು ಸಾಲದಿದ್ದರೆ ಒಡಲಿನ ಕೂಸಿಗೂ ಸಾಲದು. ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು ಇವು ಹತೋಟಿ ತಪ್ಪಿದ ರೋಗದ ಫಲಗಳು. ಥೈರಾಯ್ಡ್ ಗ್ರಂಥಿಯ ರಸ ಮಿತಿಮೀರಿದರೂ ಆಸ್ತಮಾ ಹದ್ದುಮೀರಬಹುದು.

ಆದರೆ ಎಲ್ಲವನ್ನೂ ರಸಗಳ ಮೇಲೆ ಹೊರಿಸುವುದು ತರವಲ್ಲ. ನಂಜುಂಡನು ವಿಷವನ್ನು ಕಂಠದಲ್ಲಿ ತಡೆದನೆಂಬ ನಂಬಿಕೆಯ ಕ್ಷೇತ್ರ ನಂಜನಗೂಡು. ಆ ದೇವರನ್ನು ಟಿಪ್ಪು ಸುಲ್ತಾನನು ಹಕೀಮ್ ನಂಜುಂಡನೆಂದು ಕರೆದನೆಂದು ಐತಿಹ್ಯವಿದೆ. ಮನುಷ್ಯನ ಕಂಠಕ್ಕೆ ಆ ಶಕ್ತಿಯಿಲ್ಲ. ಕಪಿಲೆಯ ದಡದ ನಂಜನಗೂಡಿನಿಂದ ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರದವರೆಗಿನ ಈ ಸೀಮೆಯಲ್ಲಿ ಭತ್ತದ ಒಕ್ಕಣೆಯ ಧೂಳು, ಬದುಗಳಲ್ಲಿ ಬೆಳೆದ ಪಾರ್ಥೇನಿಯಂ ಕಳೆಯ ಪರಾಗ, ಸೌದೆ ಒಲೆಯ ಹೊಗೆ ಇವು ದಿನದಿನವೂ ಉಸಿರಿನೊಡನೆ ಒಳಸೇರುತ್ತವೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಕುರಿತು ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಮನನಾರ್ಹವಾಗಿದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷ ಎಂಬುದನ್ನು ಗುಣಿಸಿದಾಗ ಬರುವ ಅಂಕ 60ನ್ನು ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಊತದ ಸಂಭವ ಎದ್ದುಕಾಣುವಂತೆ ಹೆಚ್ಚುತ್ತದೆಂದು ಅದು ತಿಳಿಸುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡಿಗೆ ಮಾಡಿದ ಗೃಹಿಣಿ ಆ ಅಂಕವನ್ನು ಮುಟ್ಟಿದವಳೇ. ಇದು ಆಸ್ತಮಾದಿಂದ ಬೇರೆಯಾದ ವ್ಯಾಧಿಯಾದರೂ ಎರಡಕ್ಕೂ ಹಾದಿ ಒಂದೇ, ಹೊಗೆಯೂ ಒಂದೇ.

ಅಧ್ಯಾಪಕ ಬಂಧುಗಳು ಗಮನದಲ್ಲಿಡಬೇಕಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ತರಗತಿಯಲ್ಲಿ ಮಗುವಿಗೆ ಉಬ್ಬಸ ಬಂದರೆ ಮಲಗಿಸದೆ ನೆಟ್ಟಗೆ ಕೂರಿಸಿ, ಸುತ್ತಲಿನ ಗುಂಪನ್ನು ಚದುರಿಸಿ, ಅದರ ಬಳಿಯಿರುವ ಇನ್‌ಹೇಲರನ್ನು ವೈದ್ಯರು ಹೇಳಿದಂತೆ ಕೊಡತಕ್ಕದ್ದು. ಒಂದು ವಾಕ್ಯವನ್ನು ಪೂರ್ತಿ ನುಡಿಯಲಾಗದಿದ್ದರೆ, ತುಟಿ ನೀಲಿಯಾದರೆ, 108ಕ್ಕೆ ಕರೆ ಮಾಡಿ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಇನ್‌ಹೇಲರ್ ಚಟವಾಗುತ್ತದೆಂಬ ಮಾತಿಗೆ ಆಧಾರವಿಲ್ಲವೆಂದು ಪೋಷಕರಿಗೆ ತಿಳಿಸಬೇಕು. ಹಿಗ್ಗಿಸುವ ಔಷಧವೊಂದನ್ನೇ ನೆಚ್ಚದೆ, ಊತ ತಗ್ಗಿಸುವ ಔಷಧವೂ ಜೊತೆಗಿರಬೇಕೆಂದು 2019ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಹದಿಹರೆಯದವರಿಗೂ ವಯಸ್ಕರಿಗೂ ವಿಧಿಸಿದೆ. ಕಪ್ಪುಹಲಗೆ ಒರೆಸುವ ಕೆಲಸವನ್ನು ಉಬ್ಬಸವಿರುವ ಮಗುವಿಗೆ ವಹಿಸದಿರುವುದು ಸಣ್ಣ ಸಂಗತಿಯಾದರೂ ದೊಡ್ಡ ಉಪಕಾರ. ಅಕ್ಷರ ಕಲಿಸುವವನಿಗೆ ಆ ಅಕ್ಷರವನ್ನು ಉಚ್ಚರಿಸುವ ಉಸಿರಿನ ಹೊಣೆಯೂ ಇದೆ.